ಗೇಮಿಂಗ್‌ಗೆ ಹೆಡ್‌ಫೋನ್ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫೋನ್‌ನಲ್ಲಿ ಬಿಜಿಎಂಐ ಆಡುವವರು, ಪಿಸಿಯಲ್ಲಿ ವ್ಯಾಲರಂಟ್ ಆಡುವವರು, ಟಿವಿ ಮುಂದೆ ಪಿಎಸ್5 ಹಿಡಿದು ಕೂರುವವರು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದೇ ಕಡೆ ಸೇರಿಸಿದ್ದೇನೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಏನು ಬರೆದಿದೆ ಅನ್ನುವುದನ್ನು ಕೊನೆಗೆ ನೋಡಿ. ನೀವು ಆಡುವ ಕೋಣೆ ಎಂಥದ್ದು, ಹೆಡ್‌ಫೋನನ್ನು ಯಾವುದಕ್ಕೆ ಚುಚ್ಚುತ್ತೀರಿ, ಎಷ್ಟು ಹೊತ್ತು ಅದು ತಲೆ ಮೇಲೆ ಇರುತ್ತದೆ ಅನ್ನುವುದನ್ನು ಮೊದಲು ಯೋಚಿಸಿ.

"ಗೇಮಿಂಗ್" ಅಂತ ಬರೆದಿರುವುದನ್ನೇ ತಗೋಬೇಕಾ?

ಬೇಕಿಲ್ಲ. ಮಾಮೂಲಿ ಹೆಡ್‌ಫೋನಿಗೆ ಬಾಯಿ ಹತ್ತಿರ ಬರುವ ಒಂದು ಮೈಕ್ ಸೇರಿಸಿದರೆ ಅದೇ ಗೇಮಿಂಗ್ ಹೆಡ್‌ಸೆಟ್. ತಂಡದ ಜೊತೆ ಮಾತಾಡುತ್ತಾ ಆಡುವವರಿಗೆ ಇದು ಅನುಕೂಲ, ಎಲ್ಲ ಒಂದರಲ್ಲೇ ಮುಗಿಯುತ್ತದೆ. ಒಬ್ಬರೇ ಕೂತು ಕಥೆಯ ಆಟ ಆಡುವವರಿಗೆ ಒಳ್ಳೆಯ ಮ್ಯೂಸಿಕ್ ಹೆಡ್‌ಫೋನ್ ಸಾಕು, ಎಷ್ಟೋ ಸಲ ಅದೇ ಬೆಲೆಗೆ ಅದರ ಶಬ್ದ ಇನ್ನೂ ಚೆನ್ನಾಗಿರುತ್ತದೆ.

ಬಣ್ಣಬಣ್ಣದ ಆರ್‌ಜಿಬಿ ದೀಪಕ್ಕೂ ಶಬ್ದಕ್ಕೂ ಸಂಬಂಧವೇ ಇಲ್ಲ. ಕಡಿಮೆ ಬೆಲೆಯ ಎಷ್ಟೋ ಹೆಡ್‌ಸೆಟ್‌ಗಳಲ್ಲಿ 3.5 ಎಂಎಂ ಪಿನ್ ಜೊತೆ ಒಂದು ಯುಎಸ್‌ಬಿ ಪಿನ್ ಕೂಡ ನೇತಾಡುತ್ತಿರುತ್ತದೆ. ಅದರಲ್ಲಿ ಶಬ್ದ ಹೋಗುವುದಿಲ್ಲ, ದೀಪಕ್ಕೆ ಕರೆಂಟ್ ಮಾತ್ರ ಹೋಗುತ್ತದೆ. ಆ ದೀಪಕ್ಕೆ ಕೊಡುವ ದುಡ್ಡನ್ನು ಒಳ್ಳೆಯ ಇಯರ್‌ಪ್ಯಾಡ್‌ಗೆ ಕೊಡಿ. ಹೈಪರ್‌ಎಕ್ಸ್ ಕ್ಲೌಡ್ 2 ಬಂದದ್ದು 2015ರಲ್ಲಿ. ಅದರಲ್ಲಿ ಒಂದು ದೀಪವೂ ಇಲ್ಲ. ಇವತ್ತಿಗೂ ಜನ ಅದನ್ನೇ ಕೇಳಿ ತಗೊಳ್ಳುತ್ತಾರೆ ಅಂದರೆ ಅದಕ್ಕೆ ಕಾರಣ ಮೆತ್ತನೆ ಪ್ಯಾಡ್ ಮತ್ತು ಗಟ್ಟಿ ಅಲ್ಯೂಮಿನಿಯಂ ಚೌಕಟ್ಟು.

7.1 ಸರೌಂಡ್ ಇದ್ದರೆ ಹಿಂದೆ ಬರುವವರ ಹೆಜ್ಜೆ ಸದ್ದು ಚೆನ್ನಾಗಿ ಗೊತ್ತಾಗುತ್ತದಾ?

ಎಲ್ಲರೂ ಕೇಳುವ ಪ್ರಶ್ನೆ ಇದು, ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವ ಜಾಗವೂ ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮಗಿರುವುದು ಎರಡೇ ಕಿವಿ. ಬಲಗಡೆಯಿಂದ ಬಂದ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಒಂಚೂರು ತಡವಾಗಿ. ಆ ತಡ ತೀರಾ ಜಾಸ್ತಿ ಅಂದರೂ 0.6ರಿಂದ 0.7 ಮಿಲಿಸೆಕೆಂಡ್. ನಡುವೆ ತಲೆ ಅಡ್ಡ ಇರುವುದರಿಂದ ಎಡಗಿವಿಗೆ ಸದ್ದು ಸ್ವಲ್ಪ ಮಂದವಾಗಿಯೂ ಕೇಳಿಸುತ್ತದೆ. ಇಷ್ಟರಿಂದಲೇ ಮಿದುಳು ಎಡ-ಬಲ ಕಂಡುಹಿಡಿಯುತ್ತದೆ. ಹಿಂದೆ-ಮುಂದೆ, ಮೇಲೆ-ಕೆಳಗೆ ತಿಳಿಯುವುದು ಬೇರೆ ರೀತಿ. ಹೊರಕಿವಿಯ ಮಡಿಕೆಗಳಿಗೆ ತಾಗಿ ಒಳಗೆ ಹೋಗುವಾಗ ಸದ್ದಿನ ಕೆಲವು ಭಾಗ ಏರುತ್ತದೆ, ಕೆಲವು ಇಳಿಯುತ್ತದೆ. ಆ ಏರಿಳಿತವನ್ನು ಮಿದುಳು ಹುಟ್ಟಿದಾಗಿನಿಂದ ಕಲಿತುಕೊಂಡಿರುತ್ತದೆ.

ಈ ಏರಿಳಿತವನ್ನೆಲ್ಲ ಲೆಕ್ಕ ಹಾಕಿ ಎರಡು ಸ್ಪೀಕರ್‌ನಲ್ಲೇ ಕೇಳಿಸುವ ವಿಧಾನಕ್ಕೆ ಎಚ್‌ಆರ್‌ಟಿಎಫ್ ಅಂತಾರೆ. ಹಾಗಾಗಿ ಯಾವುದೇ ಒಳ್ಳೆಯ ಸ್ಟೀರಿಯೊ ಹೆಡ್‌ಫೋನಿನಲ್ಲೂ ಸುತ್ತಲಿನ ಸದ್ದು ಕೇಳಿಸಬಹುದು. ಡಬ್ಬದ ಮೇಲಿನ "7.1" ಬಹುಮಟ್ಟಿಗೆ ಸಾಫ್ಟ್‌ವೇರ್ ಕೆಲಸ. ಒಳಗೆ ಏಳೆಂಟು ಸ್ಪೀಕರ್ ಇರುವುದಿಲ್ಲ, ಕಿವಿಗೊಂದು ಇರುತ್ತದೆ ಅಷ್ಟೇ. ಎಲ್ಲಿ ಯಾರು ನಿಂತಿದ್ದಾರೆ ಅನ್ನುವುದು ಆಟಕ್ಕೆ ಚೆನ್ನಾಗಿ ಗೊತ್ತು. ಆದ್ದರಿಂದ ಆ ಲೆಕ್ಕವನ್ನು ಆಟವೇ ಮಾಡಿದರೆ ಸರಿಯಾಗಿ ಬರುತ್ತದೆ. ಆಟ ಲೆಕ್ಕ ಮಾಡಿ ಕೊಟ್ಟದ್ದಕ್ಕೆ ಹೆಡ್‌ಸೆಟ್‌ನ ಸಾಫ್ಟ್‌ವೇರ್ ಇನ್ನೊಂದು ಸಲ ಸರೌಂಡ್ ಸೇರಿಸುವುದು ಒಗ್ಗರಣೆ ಹಾಕಿದ ಸಾರಿಗೆ ಮತ್ತೆ ಒಗ್ಗರಣೆ ಹಾಕಿದ ಹಾಗೆ. ಸದ್ದು ದೂರದಲ್ಲಿ ಗುಂಯ್‌ಗುಟ್ಟುತ್ತದೆ, ದಿಕ್ಕು ಕಲಸಿಹೋಗುತ್ತದೆ.

ಇನ್ನೊಂದು ಮಾತು. ಒಬ್ಬರ ಕಿವಿಯ ಆಕಾರ ಇನ್ನೊಬ್ಬರಿಗಿಲ್ಲ. ಆಟದಲ್ಲಿರುವುದು ಸರಾಸರಿ ಕಿವಿಯ ಲೆಕ್ಕ. ಅದಕ್ಕೇ ನಿಮ್ಮ ಗೆಳೆಯನಿಗೆ ಪಕ್ಕಾ ಕೇಳಿಸಿದ್ದು ನಿಮಗೆ ಗೊಂದಲ ಅನ್ನಿಸಬಹುದು. ಹಿಂದೋ ಮುಂದೋ ಅನುಮಾನ ಬಂದರೆ ಮೌಸನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ನೀವು ಎಡಕ್ಕೆ ತಿರುಗಿದಾಗ ಸದ್ದು ಬಲಗಿವಿಗೆ ಜಾರಿದರೆ ಅದು ಮುಂದಿದೆ, ಎಡಗಿವಿಗೆ ಜಾರಿದರೆ ಹಿಂದಿದೆ. ಇದು ಯಾವ ಬೆಲೆಯ ಹೆಡ್‌ಫೋನಿನಲ್ಲೂ ನಡೆಯುತ್ತದೆ.

ಸರಿ, ಸೆಟ್ಟಿಂಗ್ಸ್‌ನಲ್ಲಿ ಏನಿಡಬೇಕು?

ವ್ಯಾಲರಂಟ್‌ನಲ್ಲಿ ಆಡಿಯೊ ಸೆಟ್ಟಿಂಗ್ಸ್‌ಗೆ ಹೋಗಿ ಎಚ್‌ಆರ್‌ಟಿಎಫ್ ಆನ್ ಮಾಡಿ. ವಿಂಡೋಸ್ ಸೋನಿಕ್, ಡಾಲ್ಬಿ ಅಟ್ಮಾಸ್ ತರಹದ ಸರೌಂಡ್ ಸಾಫ್ಟ್‌ವೇರ್, ಹೆಡ್‌ಸೆಟ್‌ನ 7.1 ಎಲ್ಲ ಆಫ್ ಮಾಡಿ. ಕೌಂಟರ್-ಸ್ಟ್ರೈಕ್ 2ರಲ್ಲಿ ಈ ಲೆಕ್ಕ ಒಳಗೇ ನಡೆಯುತ್ತದೆ, ಅಲ್ಲೂ ಹೊರಗಿನದೆಲ್ಲ ಬಂದ್ ಇರಲಿ. ಪಿಎಸ್5ರಲ್ಲಿ ಟೆಂಪೆಸ್ಟ್ 3ಡಿ ಆಡಿಯೊ ಇದೆ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಸದ್ದು ಸರಿಯಾಗಿ ಕಿವಿ ಮಟ್ಟದಲ್ಲಿ ಕೇಳಿಸುವ ಪ್ರೊಫೈಲ್ ಆರಿಸಿಕೊಳ್ಳಲು ಕೇಳುತ್ತದೆ. ಅವಸರ ಮಾಡದೆ ಒಂದೊಂದನ್ನೂ ಕೇಳಿ ನೋಡಿ. ಬಿಜಿಎಂಐನಲ್ಲಿ ಸೌಂಡ್ ಕ್ವಾಲಿಟಿಯನ್ನು ನಿಮ್ಮ ಫೋನ್ ತಡೆಯುವಷ್ಟು ಮೇಲಕ್ಕಿಡಿ. ಹೆಜ್ಜೆ, ಗುಂಡಿನ ಗುರುತು ಮಿನಿಮ್ಯಾಪ್‌ನಲ್ಲೂ ಬರುತ್ತದೆ, ಆದರೆ ಕಣ್ಣು ಅಲ್ಲಿಗೆ ಹೋಗಿಬರುವಷ್ಟರಲ್ಲಿ ಕಿವಿ ಕೆಲಸ ಮುಗಿಸಿರುತ್ತದೆ.

ಹಳೆಯ ಸಿನಿಮಾ ತರಹ 5.1 ಅಥವಾ 7.1 ಶಬ್ದ ಮಾತ್ರ ಕೊಡುವ ಆಟಗಳೂ ಇವೆ. ಅಂಥ ಕಡೆ ವಿಂಡೋಸ್ ಸೋನಿಕ್ ಉಪಯೋಗಕ್ಕೆ ಬರುತ್ತದೆ, ಉಚಿತವೂ ಹೌದು.

50 ಎಂಎಂ ಡ್ರೈವರ್ 40 ಎಂಎಂಗಿಂತ ಒಳ್ಳೆಯದಾ? ಬೇಸ್ ಜಾಸ್ತಿ ಇರಬೇಕಾ?

ಡ್ರೈವರ್ ಅಂದರೆ ಒಳಗಿರುವ ಸ್ಪೀಕರ್. ಅದರ ಅಳತೆಯಿಂದ ಏನೂ ಗೊತ್ತಾಗುವುದಿಲ್ಲ. ಕಿವಿಯೊಳಗೆ ಹೋಗುವ 10 ಎಂಎಂ ಡ್ರೈವರ್ ಕೂಡ ಅದ್ಭುತವಾಗಿ ನುಡಿಯುತ್ತದೆ. ಬೇಸ್ ವಿಷಯದಲ್ಲಿ ಮಾತ್ರ ಹುಷಾರು. ಗ್ರೆನೇಡ್ ಸಿಡಿದಾಗ ಎದೆ ನಡುಗಬೇಕು ಅನ್ನುವವರಿಗೆ ಬೇಸ್ ಖುಷಿ ಕೊಡುತ್ತದೆ, ಸರಿ. ಆದರೆ ಆ ಗುಡುಗಿನಡಿ ಹೆಜ್ಜೆ ಸದ್ದು, ಗನ್ ರೀಲೋಡ್ ಮಾಡುವ ಕ್ಲಿಕ್ ಮುಚ್ಚಿಹೋಗುತ್ತದೆ. ಸ್ಪರ್ಧೆಗೆ ಆಡುವವರಿಗೆ ಬೇಸ್ ಹದವಾಗಿರುವ ಹೆಡ್‌ಫೋನೇ ಮೇಲು.

ಓಪನ್ ಬ್ಯಾಕಾ, ಕ್ಲೋಸ್ಡ್ ಬ್ಯಾಕಾ?

ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನಿನ ಹಿಂಬದಿ ಮುಚ್ಚಿರುತ್ತದೆ, ಓಪನ್ ಬ್ಯಾಕ್‌ನದ್ದರಲ್ಲಿ ಜಾಲರಿ ಇರುತ್ತದೆ. ಜಾಲರಿಯಿಂದ ಸದ್ದು ಎರಡೂ ಕಡೆ ಹರಿದಾಡುತ್ತದೆ. ಅದರಲ್ಲಿ ಆಟದ ಲೋಕ ಅಗಲವಾಗಿ, ತಲೆಯ ಹೊರಗೆ ಇದ್ದ ಹಾಗೆ ಕೇಳಿಸುತ್ತದೆ. ಸೆನ್‌ಹೈಸರ್ ಎಚ್‌ಡಿ 560ಎಸ್, ಫಿಲಿಪ್ಸ್ ಎಸ್‌ಎಚ್‌ಪಿ9500 ಈ ಬಗೆಯವು. ಕಿವಿಗೆ ಗಾಳಿಯಾಡುವುದರಿಂದ ಬೆವರೂ ಕಡಿಮೆ. ನನಗೆ ವೈಯಕ್ತಿಕವಾಗಿ ಇಷ್ಟ ಇದೇ.

ಆದರೂ ಎಲ್ಲರಿಗೂ ಇದನ್ನೇ ತಗೊಳ್ಳಿ ಅನ್ನಲಾರೆ. ನಮ್ಮ ಮನೆಗಳಲ್ಲಿ ತಲೆ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಅಡುಗೆಮನೆಯಲ್ಲಿ ಮಿಕ್ಸಿ, ಕುಕ್ಕರ್, ಹಾಲ್‌ನಲ್ಲಿ ಧಾರಾವಾಹಿ. ಓಪನ್ ಬ್ಯಾಕ್ ಹಾಕಿಕೊಂಡರೆ ಇವೆಲ್ಲ ನೇರ ಒಳಗೆ ಬರುತ್ತವೆ. ಫ್ಯಾನ್‌ನ ಸುಯ್ಯೆನ್ನುವ ಸದ್ದೊಂದೇ ಸಾಕು, ದೂರದ ಹೆಜ್ಜೆ ಸದ್ದನ್ನು ನುಂಗಿಬಿಡುತ್ತದೆ. ಆಗ ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. ಬೆಂಗಳೂರಿನ ಪಿಜಿಯಲ್ಲಿ ಮೂವರ ಜೊತೆ ಒಂದೇ ಕೋಣೆಯಲ್ಲಿದ್ದರಂತೂ ನಿಮ್ಮ ಆಟದ ಸದ್ದು ಅವರಿಗೂ ಕೇಳಿಸುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಸ್ವಂತ ಕೋಣೆ ಇದ್ದು ಬಾಗಿಲು ಹಾಕಿಕೊಳ್ಳುವ ಅವಕಾಶ ಇದ್ದರೆ ಓಪನ್ ಬ್ಯಾಕ್, ಇಲ್ಲದಿದ್ದರೆ ಕ್ಲೋಸ್ಡ್ ಬ್ಯಾಕ್.

ಬ್ಲೂಟೂತ್ ಇಯರ್‌ಬಡ್‌ನಲ್ಲಿ ಆಡಿದರೆ ಏನು ತೊಂದರೆ?

ಸದ್ದು ತಡವಾಗಿ ಬರುತ್ತದೆ. ಫೋನ್ ಮೊದಲು ಸದ್ದನ್ನು ಕುಗ್ಗಿಸಿ ಪ್ಯಾಕ್ ಮಾಡಬೇಕು, ಗಾಳಿಯಲ್ಲಿ ಕಳಿಸಬೇಕು, ಬಡ್ ಅದನ್ನು ಸ್ವಲ್ಪ ಕೂಡಿಟ್ಟುಕೊಂಡು ಬಿಚ್ಚಿ ನುಡಿಸಬೇಕು. ಸದ್ದನ್ನು ಕುಗ್ಗಿಸುವ ವಿಧಾನಕ್ಕೆ ಕೊಡೆಕ್ ಅಂತಾರೆ. ಮಾಮೂಲಿ ಎಸ್‌ಬಿಸಿ ಕೊಡೆಕ್‌ನಲ್ಲಿ ಇದಕ್ಕೆಲ್ಲ 150ರಿಂದ 250 ಮಿಲಿಸೆಕೆಂಡ್ ಆಗಬಹುದು. 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಚಿತ್ರ) ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. 200 ಮಿಲಿಸೆಕೆಂಡ್ ತಡ ಅಂದರೆ ಹನ್ನೆರಡು ಫ್ರೇಮ್ ಕಳೆದ ಮೇಲೆ ಸದ್ದು ಬರುತ್ತದೆ. ಮೂಲೆ ತಿರುಗಿ ಬಂದವನು ಅಷ್ಟರಲ್ಲಿ ಗುಂಡು ಹಾರಿಸಿ ಆಗಿರುತ್ತದೆ. ಸಿನಿಮಾದಲ್ಲಿ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ವಿಡಿಯೊ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸುತ್ತವೆ. ಆಟದಲ್ಲಿ ಹಾಗೆ ಮಾಡಲು ಬರುವುದಿಲ್ಲ ಅಲ್ವಾ?

ಬಡ್‌ಗಳಲ್ಲಿ ಇರುವ "ಗೇಮಿಂಗ್ ಮೋಡ್" ಆ ಕೂಡಿಟ್ಟುಕೊಳ್ಳುವ ಭಾಗವನ್ನು ಕಡಿಮೆ ಮಾಡುತ್ತದೆ. ತಡ ತಗ್ಗುವುದು ನಿಜ. ಆದರೆ ಸುತ್ತ ವೈಫೈ, ಬ್ಲೂಟೂತ್ ಜಾಸ್ತಿ ಇದ್ದ ಕಡೆ ಸದ್ದು ತುಂಡಾಗಲು ಶುರುವಾಗುತ್ತದೆ. ಪರೀಕ್ಷೆ ಸುಲಭ. ಟ್ರೈನಿಂಗ್ ಮೈದಾನಕ್ಕೆ ಹೋಗಿ ಒಂದೊಂದೇ ಗುಂಡು ಹಾರಿಸಿ. ಬೆರಳು ಮುಟ್ಟಿದ್ದಕ್ಕೂ ಸದ್ದಿಗೂ ನಡುವೆ ಅಂತರ ಕಂಡರೆ ಆ ಬಡ್ ಹಾಡು ಕೇಳಲು ಇರಲಿ.

ಇನ್ನೊಂದು ತೊಂದರೆ ಮೈಕ್‌ದು. ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಸಾಮಾನ್ಯವಾಗಿ ಅದು ಫೋನ್ ಕರೆಯ ಪ್ರೊಫೈಲ್‌ಗೆ ಇಳಿಯುತ್ತದೆ. ಸ್ಟೀರಿಯೊ ಹೋಗಿ ಮೊನೊ ಆಗುತ್ತದೆ, ಎಡ-ಬಲವೇ ಉಳಿಯುವುದಿಲ್ಲ. ತಂಡದವರ ಜೊತೆ ಮಾತು ಶುರುವಾದಾಗ ಆಟದ ಸದ್ದು ಡಬ್ಬದೊಳಗಿಂದ ಬಂದಂತೆ ಆಗುವುದು ಇದಕ್ಕೇ. ಬ್ಲೂಟೂತ್‌ನ ಹೊಸ ಬಗೆಯಾದ ಎಲ್‌ಇ ಆಡಿಯೊದಲ್ಲಿ ಇದು ಸುಧಾರಿಸುತ್ತದೆ, ಆದರೆ ಫೋನ್, ಬಡ್ ಎರಡರಲ್ಲೂ ಅದು ಇರಬೇಕು.

ಹಾಗಾದರೆ ವೈರ್‌ಲೆಸ್ ಬೇಡವೇ ಬೇಡವಾ?

ಹಾಗೇನಿಲ್ಲ. ಚಿಕ್ಕ ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್‌ಗಳಲ್ಲಿ ತಡ ಎಷ್ಟು ಕಡಿಮೆ ಅಂದರೆ ಆಡುವಾಗ ಗೊತ್ತೇ ಆಗುವುದಿಲ್ಲ. ಲಾಜಿಟೆಕ್ ಜಿ435 ಕೇವಲ 165 ಗ್ರಾಂ ತೂಗುತ್ತದೆ. ಹೈಪರ್‌ಎಕ್ಸ್ ಕ್ಲೌಡ್ ಆಲ್ಫಾ ವೈರ್‌ಲೆಸ್‌ಗೆ ಒಂದು ಚಾರ್ಜ್‌ಗೆ 300 ಗಂಟೆ ಅಂತ ಕಂಪನಿ ಹೇಳುತ್ತದೆ. ಡಾಂಗಲ್ ಕಳೆದರೆ ಬ್ಲೂಟೂತ್ ಕೂಡ ಇಲ್ಲದ ಹೆಡ್‌ಸೆಟ್ ಬಹುಮಟ್ಟಿಗೆ ಕೆಲಸಕ್ಕೆ ಬಾರದು, ಜೋಪಾನ ಮಾಡಿ. ಪಿಸಿಯ ಹಿಂಬದಿ ಯುಎಸ್‌ಬಿಗೆ ಚುಚ್ಚಿದಾಗ ಸಿಗ್ನಲ್ ತುಂಡಾದರೆ ಮುಂದಿನ ಪೋರ್ಟ್‌ಗೆ ಹಾಕಿ.

ನನ್ನ ಫೋನ್‌ನಲ್ಲಿ 3.5 ಎಂಎಂ ಜಾಕ್ ಇಲ್ಲ. ಏನು ಮಾಡಲಿ?

ಟೈಪ್-ಸಿ ಅಡಾಪ್ಟರ್ ತಗೊಳ್ಳಿ, ಆದರೆ ನೋಡಿ ತಗೊಳ್ಳಿ. ಇವುಗಳಲ್ಲಿ ಎರಡು ಬಗೆ. ಒಂದರಲ್ಲಿ ಒಳಗೆ ಡಿಎಸಿ ಚಿಪ್ (ಡಿಜಿಟಲ್ ಸಿಗ್ನಲನ್ನು ಹೆಡ್‌ಫೋನ್ ನುಡಿಸುವ ಸಿಗ್ನಲ್ ಆಗಿ ಬದಲಿಸುವ ಚಿಪ್) ಇರುತ್ತದೆ, ಅದು ಹೆಚ್ಚುಕಡಿಮೆ ಎಲ್ಲ ಫೋನ್‌ಗೂ ಆಗುತ್ತದೆ. ಇನ್ನೊಂದರಲ್ಲಿ ಸುಮ್ನೆ ತಂತಿ ಜೋಡಣೆ ಇರುತ್ತದೆ, ಅದು ಕೆಲವು ಫೋನ್‌ಗಳಲ್ಲಿ ಮಾತ್ರ ನಡೆಯುತ್ತದೆ. ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಮನೆಗೆ ತಂದು ಚುಚ್ಚಿದಾಗ ಏನೂ ಕೇಳಿಸದಿದ್ದರೆ ಕಾರಣ ಬಹುಶಃ ಇದೇ. "ಡಿಎಸಿ ಇದೆಯಾ?" ಅಂತ ಅಂಗಡಿಯಲ್ಲೇ ಕೇಳಿ, ನಿಮ್ಮ ಫೋನ್‌ಗೇ ಹಾಕಿ ನೋಡಿ. ಚಾರ್ಜ್ ಮಾಡುತ್ತಾ ಆಡುವವರಾದರೆ ಚಾರ್ಜಿಂಗ್ ಪೋರ್ಟ್ ಕೂಡ ಇರುವ ಅಡಾಪ್ಟರ್ ಬೇಕು.

ಪಿನ್ನಿನ ಆಕಾರ ನೋಡಲು ಮರೆಯಬೇಡಿ. ಫೋನ್ ಅಡ್ಡ ಹಿಡಿದಾಗ ನೇರ ಪಿನ್ ಅಂಗೈಗೆ ಒತ್ತುತ್ತದೆ. ಅರ್ಧ ಗಂಟೆಯಲ್ಲಿ ಕೈ ನೋಯುತ್ತದೆ, ಪಿನ್ ಬುಡದಲ್ಲಿ ತಂತಿಯೂ ಬೇಗ ಮುರಿಯುತ್ತದೆ. ಎಲ್ ಆಕಾರದ ಪಿನ್ ಆದರೆ ತಂತಿ ಬೆರಳ ಸಂದಿಯಲ್ಲಿ ಆರಾಮಾಗಿ ಇಳಿಯುತ್ತದೆ.

ಕಿವಿಯೊಳಗೆ ಹಾಕುವ ಇಯರ್‌ಫೋನ್ ಗೇಮಿಂಗ್‌ಗೆ ಸಾಲುತ್ತದಾ?

ಧಾರಾಳವಾಗಿ. ನಿಮ್ಮ ಬಜೆಟ್ ಚಿಕ್ಕದಿದ್ದರೆ ನನ್ನ ಮೊದಲ ಸಲಹೆಯೇ ಇದು. ಮೂನ್‌ಡ್ರಾಪ್ ಚು 2, 7ಹರ್ಟ್ಸ್ ಜೀರೊ, ಕೆಜೆಡ್‌ನ ಇಯರ್‌ಫೋನ್‌ಗಳು ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಅದೇ ಬೆಲೆಯ ದೊಡ್ಡ ಹೆಡ್‌ಸೆಟ್‌ಗಿಂತ ಸ್ಪಷ್ಟವಾಗಿ ಕೇಳಿಸುತ್ತವೆ. ತಲೆಗೆ ಭಾರವಿಲ್ಲ, ಕನ್ನಡಕಕ್ಕೆ ತೊಡಕಿಲ್ಲ, ಹೊರಗಿನ ಗಲಾಟೆಯೂ ಬಹಳಷ್ಟು ನಿಲ್ಲುತ್ತದೆ. ದೊಡ್ಡ ಇ-ಸ್ಪೋರ್ಟ್ಸ್ ವೇದಿಕೆಗಳಲ್ಲಿ ಆಟಗಾರರ ತಲೆ ಮೇಲೆ ದಪ್ಪ ಹೆಡ್‌ಸೆಟ್ ಕಾಣುತ್ತದಲ್ಲ, ಅದರಡಿಯಲ್ಲಿ ಎಷ್ಟೋ ಸಲ ಇಯರ್‌ಫೋನ್ ಇರುತ್ತದೆ. ಆಟ ಕೇಳುವುದು ಇಯರ್‌ಫೋನ್‌ನಲ್ಲಿ. ಮೇಲಿನ ಹೆಡ್‌ಸೆಟ್ ಇರುವುದು ಪ್ರೇಕ್ಷಕರ ಕೂಗು, ಕಾಮೆಂಟರಿ ಒಳಗೆ ಬಾರದಿರಲಿ ಅಂತ.

ರಬ್ಬರ್ ಟಿಪ್ ಸರಿಯಾದ ಅಳತೆಯದ್ದು ಇರಬೇಕು. ಅದು ಸಡಿಲವಾದರೆ ಬೇಸ್ ಪೂರ್ತಿ ಹೋಗಿ ಸದ್ದು ತೆಳ್ಳಗಾಗುತ್ತದೆ. ಮೈಕ್ ಇರುವ ಮಾದರಿಯನ್ನೇ ಕೇಳಿ ತಗೊಳ್ಳಿ, ಮೈಕ್ ಇಲ್ಲದ್ದೂ ಅದೇ ಹೆಸರಲ್ಲಿ ಬರುತ್ತದೆ.

ಪಿಎಸ್5, ಎಕ್ಸ್‌ಬಾಕ್ಸ್, ಸ್ವಿಚ್‌ಗೆ ಯಾವುದು ಆಗುತ್ತದೆ?

ತಂತಿಯ 3.5 ಎಂಎಂ ಹೆಡ್‌ಸೆಟ್ ಮೂರಕ್ಕೂ ಆಗುತ್ತದೆ. ಪಿಎಸ್5, ಎಕ್ಸ್‌ಬಾಕ್ಸ್‌ನಲ್ಲಿ ಕಂಟ್ರೋಲರ್‌ಗೇ ಚುಚ್ಚಬಹುದು. ವೈರ್‌ಲೆಸ್‌ನಲ್ಲಿ ಗೊಂದಲ ಜಾಸ್ತಿ. ಪಿಎಸ್5 ನೇರವಾಗಿ ಬ್ಲೂಟೂತ್ ಹೆಡ್‌ಫೋನ್ ಒಪ್ಪುವುದಿಲ್ಲ, ಡಾಂಗಲ್ ಬೇಕು. ಎಕ್ಸ್‌ಬಾಕ್ಸ್ ಕೂಡ ಬ್ಲೂಟೂತ್ ಒಪ್ಪುವುದಿಲ್ಲ, ಅದಕ್ಕೆ ಎಕ್ಸ್‌ಬಾಕ್ಸ್‌ಗೆಂದೇ ಮಾಡಿದ ವೈರ್‌ಲೆಸ್ ಹೆಡ್‌ಸೆಟ್ ಆಗಬೇಕು. ಪಿಸಿ, ಪಿಎಸ್5 ಅಂತ ಮಾತ್ರ ಬರೆದಿರುವ ಡಾಂಗಲ್ ಅದರಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ. ನಿಂಟೆಂಡೊ ಸ್ವಿಚ್‌ಗೆ 2021ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ ಬ್ಲೂಟೂತ್ ಸದ್ದು ಬಂತು, ಬ್ಲೂಟೂತ್ ಮೈಕ್ ಬರಲಿಲ್ಲ.

ನನ್ನ ಮಾತು ಸರಿಯಾಗಿ ಕೇಳಿಸಲ್ಲ ಅಂತ ತಂಡದವರು ಬೈತಾರೆ.

ಹೆಡ್‌ಸೆಟ್ ಮೈಕನ್ನು ಬಾಯಿಯ ಎದುರಿಗೆ ಇಡಬೇಡಿ. ತುಟಿಯ ಮೂಲೆಗೆ, ಎರಡು ಬೆರಳು ದೂರದಲ್ಲಿ ಇಡಿ. ಆಗ ಉಸಿರು ಅದಕ್ಕೆ ಬಡಿಯುವುದಿಲ್ಲ. ಬೇರೆ ಮೈಕ್ ತಗೊಳ್ಳುವವರು ಬೋಯಾ ಬಿವೈ-ಎಂ1 ಕಾಲರ್ ಮೈಕ್ ಕೇಳುತ್ತಾರೆ. ಮಾತು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಮೈಕ್. ಫ್ಯಾನ್, ಕೀಬೋರ್ಡ್ ಸದ್ದು ಪೂರ್ತಿ ತಂಡಕ್ಕೆ ಹೋಗುತ್ತದೆ. ಫ್ಯಾನ್ ಇಲ್ಲದೆ ಕೂರಲಾಗದ ಊರಿನವರು ಡಿಸ್ಕಾರ್ಡ್‌ನಲ್ಲಿ ನಾಯ್ಸ್ ಸಪ್ರೆಶನ್ ಆನ್ ಮಾಡಿ, ಅಥವಾ ಮಾತಾಡುವಾಗ ಮಾತ್ರ ಒತ್ತುವ ಪುಶ್-ಟು-ಟಾಕ್ ಇಟ್ಟುಕೊಳ್ಳಿ.

ಹೆಡ್‌ಸೆಟ್‌ಗೆ ಎರಡು ಪಿನ್ ಇದೆ, ಲ್ಯಾಪ್‌ಟಾಪ್‌ಗೆ ಒಂದೇ ತೂತು.

ಒಂದು ಸದ್ದಿಗೆ, ಇನ್ನೊಂದು ಮೈಕ್‌ಗೆ. ಎರಡನ್ನೂ ಸೇರಿಸುವ ಜೋಡಣೆ ತಂತಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಅದರ ಲ್ಯಾಪ್‌ಟಾಪ್ ಕಡೆಯ ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇರಬೇಕು. ಎರಡೇ ಗೆರೆ ಇದ್ದರೆ ಅದು ಮೈಕ್ ಒಯ್ಯುವುದಿಲ್ಲ.

250 ಓಮ್, 32 ಓಮ್ ಅಂದರೇನು? ಆಂಪ್ ಬೇಕಾ?

ಹೆಡ್‌ಫೋನ್ ಕರೆಂಟಿಗೆ ಒಡ್ಡುವ ತಡೆಯ ಅಳತೆ ಓಮ್. ಅದು ಜಾಸ್ತಿ ಇದ್ದಷ್ಟೂ ಸಾಮಾನ್ಯವಾಗಿ ಹೆಚ್ಚು ವೋಲ್ಟೇಜ್ ಬೇಕು, ಅದನ್ನು ಕೊಡುವ ಪೆಟ್ಟಿಗೆಯೇ ಆಂಪ್. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ 250 ಓಮ್ ಮಾದರಿಯನ್ನು ಫೋನ್‌ಗೋ ಕಂಟ್ರೋಲರ್‌ಗೋ ಚುಚ್ಚಿದರೆ ಸದ್ದು ಸಾಲುವುದಿಲ್ಲ. 32 ಓಮ್ ಆಸುಪಾಸಿನದು ತಗೊಂಡರೆ ಆಂಪ್ ಚಿಂತೆ ಬೇಡ.

ಇಯರ್‌ಪ್ಯಾಡ್ ಒಂದೇ ವರ್ಷಕ್ಕೆ ಸಿಪ್ಪೆ ಸುಲಿಯುತ್ತದೆ. ಯಾಕೆ?

ಅದು ಚರ್ಮದ ಹಾಗೆ ಕಾಣುವ ಪಾಲಿಯುರಿಥೇನ್ ಪದರ. ಬೆವರು, ಸೆಕೆ, ತಲೆಗೆ ಹಚ್ಚಿದ ಎಣ್ಣೆ, ಮೂರೂ ಸೇರಿ ಅದನ್ನು ಕೊರೆಯುತ್ತವೆ. ಮೊದಲು ಕಿವಿ ತಾಗುವ ಒಳ ಅಂಚು ಬಿರಿಯುತ್ತದೆ, ಆಮೇಲೆ ಕಪ್ಪು ಚೂರುಗಳು ಕೆನ್ನೆಗೆ, ಕೂದಲಿಗೆ ಅಂಟುತ್ತವೆ. ಮಂಗಳೂರು, ಕಾರವಾರದ ಕಡೆಯ ಒದ್ದೆ ಸೆಕೆಯಲ್ಲಿ ಇದು ಇನ್ನೂ ಬೇಗ. ಎಣ್ಣೆ ಹಚ್ಚಿದ ದಿನ ಇಯರ್‌ಫೋನ್ ಹಾಕಿಕೊಳ್ಳಿ, ಆಡಿದ ಮೇಲೆ ಪ್ಯಾಡನ್ನು ಒಣ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಅಥವಾ ವೆಲ್ವೆಟ್ ತರಹದ ಪ್ಯಾಡ್ ನಮ್ಮ ಹವೆಗೆ ಒಳ್ಳೆಯದು, ಆದರೆ ಸದ್ದು ಸ್ವಲ್ಪ ಹೊರಗೆ ಸೋರುತ್ತದೆ. ಕೊಳ್ಳುವ ಮುಂಚೆಯೇ ಆ ಮಾದರಿಗೆ ಬೇರೆ ಪ್ಯಾಡ್ ಮಾರಾಟಕ್ಕಿದೆಯಾ ಅಂತ ಹುಡುಕಿ. ಪ್ಯಾಡ್ ಸಿಗುವ ಹೆಡ್‌ಫೋನ್ ವರ್ಷಗಟ್ಟಲೆ ಬಾಳುತ್ತದೆ.

ಕನ್ನಡಕದವರಿಗೆ ಇಷ್ಟು: ಪ್ಯಾಡ್ ಮೆತ್ತಗಿರಲಿ, ಹಿಡಿತ ಬಿಗಿ ಬೇಡ, ತೂಕ 300 ಗ್ರಾಂ ಒಳಗಿರಲಿ.

ಎಷ್ಟು ದುಡ್ಡಿಗೆ ಏನು ನಿರೀಕ್ಷಿಸಬಹುದು?

ಎರಡು ಸಾವಿರದವರೆಗೆ ಮೈಕ್ ಇರುವ ತಂತಿಯ ಇಯರ್‌ಫೋನ್. ಮೂರರಿಂದ ಐದು ಸಾವಿರಕ್ಕೆ ಹೈಪರ್‌ಎಕ್ಸ್ ಕ್ಲೌಡ್ ಸ್ಟಿಂಗರ್ 2, ರೇಜರ್ ಬ್ಲ್ಯಾಕ್‌ಶಾರ್ಕ್ ವಿ2 ಎಕ್ಸ್ ತರಹದ ಹಗುರ ಹೆಡ್‌ಸೆಟ್ ನೋಡಿ. ಹತ್ತು ಸಾವಿರದ ಹತ್ತಿರ ಬಂದರೆ ಒಳ್ಳೆಯ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ ಅಥವಾ ಓಪನ್ ಬ್ಯಾಕ್ ಹೆಡ್‌ಫೋನ್ ಜೊತೆ ಬೇರೆ ಮೈಕ್. ಅದಕ್ಕಿಂತ ಮೇಲೆ ಹೋದರೆ ಸಿಗುವುದು ಆರಾಮ, ಕಟ್ಟುಮಸ್ತು. ಹೆಜ್ಜೆ ಸದ್ದು ಹೊಸದಾಗಿ ಏನೂ ಕೇಳಿಸುವುದಿಲ್ಲ. ಹಬ್ಬದ ಸೇಲ್‌ನಲ್ಲಿ ಬೆಲೆ ಚೆನ್ನಾಗಿ ಇಳಿಯುತ್ತದೆ, ಅವಸರ ಇಲ್ಲದಿದ್ದರೆ ಕಾಯಿರಿ.

ಗಂಟೆಗಟ್ಟಲೆ ಆಡಿದರೆ ಕಿವಿ ಹಾಳಾಗುತ್ತದಾ?

ಅದು ವಾಲ್ಯೂಮ್ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ, ಮತ್ತು ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. ಮಕ್ಕಳಿಗೆ 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 90ಕ್ಕೆ ಬರೀ 4 ಗಂಟೆ, ಅದೂ ವಾರಕ್ಕೆ. ರಜೆಯಲ್ಲಿ ಒಂದೇ ದಿನ ಅಷ್ಟು ಆಡುವವರಿದ್ದಾರೆ.

ಆಟಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಮೆಲ್ಲನೆಯ ಹೆಜ್ಜೆ ಕೇಳಲಿ ಅಂತ ವಾಲ್ಯೂಮ್ ಏರಿಸುತ್ತೇವೆ, ಆಗ ಪಕ್ಕದಲ್ಲೇ ಗ್ರೆನೇಡ್ ಸಿಡಿಯುತ್ತದೆ. ಆ ಏಟು ನೇರ ಕಿವಿಗೆ. ವಿಂಡೋಸ್‌ನಲ್ಲಿ ಹಲವು ಸೌಂಡ್ ಕಾರ್ಡ್‌ಗಳಿಗೆ ಲೌಡ್‌ನೆಸ್ ಈಕ್ವಲೈಜೇಶನ್ ಅನ್ನುವ ಆಯ್ಕೆ ಇದೆ. ಅದು ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ತಗ್ಗಿಸುತ್ತದೆ. ದೂರ-ಹತ್ತಿರದ ಅಂದಾಜು ಸ್ವಲ್ಪ ಕೆಡುತ್ತದೆ, ಕಿವಿ ಉಳಿಯುತ್ತದೆ. ನಾನಾದರೆ ಕಿವಿಯನ್ನೇ ಆರಿಸಿಕೊಳ್ಳುತ್ತೇನೆ.

ಆಟ ಮುಗಿಸಿದ ಮೇಲೆ ಕಿವಿಯಲ್ಲಿ ಕುಂಯ್ ಅನ್ನುವ ಸದ್ದು ಉಳಿದರೆ ಅದು ಎಚ್ಚರಿಕೆ. ಮರುದಿನವೂ ಇದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮಾಡುತ್ತಾರೆ. ಆ ಭಾಗದವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಮಕ್ಕಳಿಗೆ ಯಾವುದು?

ವಾಲ್ಯೂಮ್ ಮಿತಿ ಇರುವ ಮಕ್ಕಳ ಹೆಡ್‌ಫೋನ್ ಸಿಗುತ್ತದೆ. ಬಹಳಷ್ಟರ ಮಿತಿ 85 ಡೆಸಿಬಲ್, ಮೇಲೆ ಹೇಳಿದ ಮಿತಿಗಿಂತ ಅದು ಜಾಸ್ತಿ. ಫೋನ್‌ನಲ್ಲೂ ಮಿತಿ ಹಾಕಿ. ಮಗು ಹೆಡ್‌ಫೋನ್ ಹಾಕಿಕೊಂಡಾಗ ಒಂದು ತೋಳಿನ ದೂರದಿಂದ ಮಾಮೂಲಿ ದನಿಯಲ್ಲಿ ಹೆಸರು ಕರೆಯಿರಿ. ತಿರುಗಿ ನೋಡದಿದ್ದರೆ ಸದ್ದು ಇಳಿಸಿ.

ಬೆಂಗಳೂರಿನ ಎಸ್‌ಪಿ ರೋಡ್‌ ಅಂಗಡಿಗಳಲ್ಲಿ ತಗೊಳ್ಳಲಾ, ಆನ್‌ಲೈನ್‌ನಲ್ಲಾ? ಅಸಲಿ ಅಂತ ಹೇಗೆ ತಿಳಿಯಲಿ?

ಅಂಗಡಿಯ ದೊಡ್ಡ ಲಾಭ ತಲೆಗೆ ಹಾಕಿ ನೋಡಬಹುದು ಅನ್ನುವುದು. ಎರಡು ನಿಮಿಷ ಹಾಕಿ ತೆಗೆಯಬೇಡಿ. ಹತ್ತು-ಹದಿನೈದು ನಿಮಿಷ ಹಾಗೇ ಇರಲಿ, ನೆತ್ತಿ ನೋಯುತ್ತದಾ, ಕಿವಿಯ ತುದಿ ಒಳಗಿನ ಬಟ್ಟೆಗೆ ತಾಗುತ್ತದಾ ನೋಡಿ. ಆನ್‌ಲೈನ್‌ನಲ್ಲಾದರೆ ವಾಪಸ್ ಕೊಡುವ ಅವಕಾಶ ಇರುವುದನ್ನೇ ಆರಿಸಿ.

ಆಮದು ಮಾಲಿನ ಡಬ್ಬದ ಮೇಲೆ ಎಂಆರ್‌ಪಿ, ತಯಾರಾದ ದೇಶ, ಆಮದುದಾರರ ಹೆಸರು-ವಿಳಾಸ ಇರಲೇಬೇಕು ಅಂತ ಕಾನೂನಿದೆ. ಆ ಚೀಟಿ ಇಲ್ಲದಿದ್ದರೆ ವಾರಂಟಿ ಸಿಗುವುದು ಕಷ್ಟ, ಎಷ್ಟೇ ಅಗ್ಗವಾದರೂ ಬಿಡಿ. ಸೀರಿಯಲ್ ನಂಬರ್ ಡಬ್ಬದ ಮೇಲೆ, ಹೆಡ್‌ಸೆಟ್ ಮೇಲೆ ಎರಡೂ ಕಡೆ ಒಂದೇ ಇದೆಯಾ ನೋಡಿ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಫೋಟೊ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಥರ್ಮಲ್ ಪೇಪರ್‌ನಲ್ಲಿ ಮುದ್ರಿಸಿದ ಬಿಲ್ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ವಾರಂಟಿ ಇದ್ದೂ ಸರಿಮಾಡಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.